ಟ್ಯೂಷನ್ ಫೀ ಅಂದರೆ ಯಾವ ಪಾಠದ ದುಡ್ಡು?

ಶಾಲೆಗಳ ಪ್ರವೇಶದ ಕಾಲ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. ಶಾಲೆಯವರು ಕೊಟ್ಟ ರಸೀದಿಯ ಮೊದಲ ಸಾಲಿನಲ್ಲೇ ‘ಟ್ಯೂಷನ್ ಫೀ’ ಎಂದು ದೊಡ್ಡ ಮೊತ್ತ ಬರೆದಿದ್ದಾರೆ, ನಮ್ಮ ಮಗು ಟ್ಯೂಷನ್ನಿಗೇ ಹೋಗುವುದಿಲ್ಲ, ಇದನ್ನು ಯಾಕೆ ಕಟ್ಟಬೇಕು ಎಂದು ಕೇಳುತ್ತಾರೆ. ಇನ್ನು ಕೆಲವರದು ಇದಕ್ಕೆ ತಿರುಗಾಮುರುಗಾ ಪ್ರಶ್ನೆ. ಮಗಳನ್ನು ಗಣಿತಕ್ಕೆ ಟ್ಯೂಷನ್ನಿಗೆ ಹಾಕಿದ್ದೇವೆ, ಟ್ಯೂಷನ್ ಫೀಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯಂತಲ್ಲ, ಮೇಡಂ ಹತ್ತಿರ ಚೀಟಿ ಬರೆಸಿಕೊಂಡರೆ ಸಾಕೇ? ಎರಡಕ್ಕೂ ಚುಟುಕಾಗಿ ಉತ್ತರ ಹೇಳಿಬಿಡಬಹುದು. ಮೊದಲನೆಯದನ್ನು ಕಟ್ಟಬೇಕು, ಎರಡನೆಯದಕ್ಕೆ ವಿನಾಯಿತಿ ಇಲ್ಲ. ಆದರೆ ಈ ಗೊಂದಲದ ಕೆಳಗೆ ಇನ್ನೊಂದು ದೊಡ್ಡ ಪ್ರಶ್ನೆ ಇದೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ನಾವು ಶಾಲೆಯ ಆಫೀಸಿನಲ್ಲಿ ಕೇಳಬೇಕು, ಕೇಳುತ್ತಿಲ್ಲ.

ಇಂಗ್ಲಿಷಿನಲ್ಲಿ ಟ್ಯೂಷನ್ ಎಂದರೆ ಪಾಠ ಹೇಳುವುದು, ಅಷ್ಟೇ. ಆ ಪಾಠ ಶಾಲೆಯ ಕೊಠಡಿಯಲ್ಲಿ ನಡೆದರೂ ಟ್ಯೂಷನ್ನೇ, ಯಾರದೋ ಮನೆಯ ಹಜಾರದಲ್ಲಿ ನಡೆದರೂ ಟ್ಯೂಷನ್ನೇ. ಮೂಲ ಲ್ಯಾಟಿನ್ ಭಾಷೆಯಲ್ಲಿ ಇದಕ್ಕೂ ಪಾಠಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿ ಇದರ ಧಾತುವಿಗೆ ನೋಡಿಕೊಳ್ಳು, ಕಾಯು ಎಂಬ ಅರ್ಥ. ರೋಮನ್ ಕಾನೂನಿನಲ್ಲಿ ತಂದೆಯಿಲ್ಲದ ಮಗುವಿನ ಆಸ್ತಿಪಾಸ್ತಿ ಕಾಯುವವನನ್ನು ಟ್ಯೂಟರ್ ಎನ್ನುತ್ತಿದ್ದರು. ಮಗುವಿನ ಹೊಣೆ ಹೊತ್ತವನು ಎಂಬ ಅರ್ಥ ಹೋಗಿ ಮಗುವಿಗೆ ಪಾಠ ಹೇಳುವವನು ಎಂದಾಯಿತು. ಆಮೇಲೆ ಅಮೆರಿಕದಲ್ಲಿ ಪಾಠಕ್ಕೆ ಕೊಡುವ ಹಣಕ್ಕೇ ಈ ಹೆಸರು ಅಂಟಿಕೊಂಡಿತು. ನಮ್ಮಲ್ಲಿ ಕಾಗದಪತ್ರದ ಭಾಷೆ ಮೊದಲಿನ ವಿಶಾಲ ಅರ್ಥವನ್ನೇ ಉಳಿಸಿಕೊಂಡಿತು. ಜನರ ಬಾಯಲ್ಲಿ ಮಾತ್ರ ಟ್ಯೂಷನ್ ಎಂದರೆ ಶಾಲೆ ಬಿಟ್ಟ ಮೇಲೆ ದುಡ್ಡು ಕೊಟ್ಟು ಹೇಳಿಸಿಕೊಳ್ಳುವ ಪಾಠ. ಸರ್ಕಾರಿ ಕನ್ನಡದಲ್ಲಿ ರಸೀದಿಯ ಆ ಸಾಲಿಗೆ ‘ಬೋಧನಾ ಶುಲ್ಕ’ ಎಂಬ ನಿಖರವಾದ ಮಾತು ಇದೆ. ಖಾಸಗಿ ಶಾಲೆಗಳ ರಸೀದಿಗಳು ಇಂಗ್ಲಿಷಿನಲ್ಲೇ ಇರುವುದರಿಂದ ಆ ಮಾತು ಅಪ್ಪ ಅಮ್ಮಂದಿರ ಕಣ್ಣಿಗೆ ಬೀಳುವುದೇ ಇಲ್ಲ.

ಪಾಠಕ್ಕೆ ದುಡ್ಡು ಕೊಡುವುದು ನಮಗೆ ಹೊಸದೇನಲ್ಲ. ಸರ್ಕಾರಿ ಶಾಲೆಗಳು ಬರುವ ಮೊದಲು ಊರೂರಲ್ಲಿ ಪಾಠ ಹೇಳುವ ಐಗಳ ಮಠಗಳಿದ್ದವು. ಅವಕ್ಕೆ ಕೂಲಿಮಠ ಎಂಬ ಹೆಸರೂ ಇತ್ತು. ಮಕ್ಕಳ ಮನೆಯವರು ಕೊಡುವ ಕೂಲಿಯಿಂದಲೇ ಐಗಳ ಜೀವನ ನಡೆಯುತ್ತಿದ್ದುದರಿಂದ ಆ ಹೆಸರು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಒಪ್ಪಿಸುತ್ತಿದ್ದರು, ಅಮರಕೋಶ, ಜೈಮಿನಿ ಬಾಯಿಪಾಠ ಮಾಡುತ್ತಿದ್ದರು. ಕೂಲಿ ಎಂದರೆ ಬರೀ ಕಾಸಲ್ಲ, ಸುಗ್ಗಿಯಲ್ಲಿ ದವಸ, ಹಬ್ಬಕ್ಕೆ ಎಲೆ ಅಡಿಕೆ ದಕ್ಷಿಣೆ. ಮಹಾನವಮಿಯಲ್ಲಿ ಹುಡುಗರು ಐಗಳ ಜೊತೆ ಮನೆಮನೆಗೆ ಹೋಗಿ ಚೌಪದ ಹಾಡಿ ಅವರಿಗೆ ಕಾಣಿಕೆ ಕೂಡಿಸುತ್ತಿದ್ದರು. ಮುಂದೆ ಪಟ್ಟಣಗಳಲ್ಲಿ ಹೈಸ್ಕೂಲು ಬಂದಾಗ ಹಳ್ಳಿಯಿಂದ ಬಂದ ಬಡ ಹುಡುಗರು ವಾರಾನ್ನ ಉಂಡು ಓದಿದರು. ಅವರಲ್ಲಿ ಎಷ್ಟೋ ಜನ ಅನುಕೂಲಸ್ಥರ ಮನೆಯ ಚಿಕ್ಕ ಮಕ್ಕಳಿಗೆ ಸಂಜೆ ಪಾಠ ಹೇಳಿ ತಮ್ಮ ಫೀಸು ಹೊಂದಿಸಿಕೊಂಡರು. ಕನ್ನಡದ ಆತ್ಮಕಥೆಗಳಲ್ಲಿ ಈ ‘ಮನೆಪಾಠ’ದ ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ಕೂಲಿಮಠದಲ್ಲಿ ಕೊಡುವವರಿಗೂ ಪಡೆಯುವವರಿಗೂ ಒಂದು ಸಂಗತಿ ಗೊತ್ತಿತ್ತು: ಈ ದವಸ ಈ ಪಾಠಕ್ಕೆ. ಅದೇ ಪಾಠವನ್ನು ಇನ್ನೊಬ್ಬರ ಹತ್ತಿರ ಇನ್ನೊಂದು ಸಲ ಕೂಲಿ ಕೊಟ್ಟು ಹೇಳಿಸುವ ಯೋಚನೆ ಅಲ್ಲಿರಲಿಲ್ಲ.

ಬೋಧನಾ ಶುಲ್ಕ ಎಂದರೆ ನಿಜವಾಗಿ ಏನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋದದ್ದು ಕರ್ನಾಟಕದಿಂದಲೇ. ಇಂದಿನ ತಾಯ್ತಂದೆಯರಲ್ಲಿ ಹೆಚ್ಚಿನವರಿಗೆ ಈ ಕತೆ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ನಮ್ಮ ಖಾಸಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಕ್ಯಾಪಿಟೇಷನ್ ಹಾವಳಿ ದೇಶಕ್ಕೆಲ್ಲ ಸುದ್ದಿಯಾಗಿತ್ತು. ಅದನ್ನು ತಡೆಯಲು 1984ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ಮಾಡಿತು. ಸರ್ಕಾರ ಗೊತ್ತುಮಾಡಿದ ಶುಲ್ಕಕ್ಕಿಂತ ಹೆಚ್ಚು ವಸೂಲು ಮಾಡಿದರೆ ಅದು ಕ್ಯಾಪಿಟೇಷನ್, ಅದು ಅಪರಾಧ. ಆ ಕಾಯ್ದೆಯ ಅಡಿಯಲ್ಲೇ 1989ರ ಜೂನ್‌ನಲ್ಲಿ ಒಂದು ಅಧಿಸೂಚನೆ ಬಂತು. ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟು ಸಿಕ್ಕವರಿಗೆ ವರ್ಷಕ್ಕೆ 2,000 ರೂಪಾಯಿ ಬೋಧನಾ ಶುಲ್ಕ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000. ಒಂದೇ ಕೊಠಡಿ, ಒಂದೇ ಬೆಂಚು, ಒಬ್ಬರೇ ಪ್ರೊಫೆಸರು, ಪಾಠಕ್ಕೆ ಮಾತ್ರ ಮೂರು ಬೆಲೆ.

ಉತ್ತರ ಪ್ರದೇಶದ ಮೀರಠ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜು ಈ 60,000 ರೂಪಾಯಿಯ ಲೆಕ್ಕ ಹೇಳಿತು. ಅಷ್ಟು ಕೊಡಲಾರದೆ ಅವರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈನಲ್ಲಿ ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ತೀರ್ಪು ಕೊಟ್ಟಿತು. ಹೆಸರು ಬೋಧನಾ ಶುಲ್ಕ ಎಂದಿದ್ದ ಮಾತ್ರಕ್ಕೆ ಅದು ಬೋಧನಾ ಶುಲ್ಕ ಆಗುವುದಿಲ್ಲ, ಇದು ಕ್ಯಾಪಿಟೇಷನ್ನೇ ಎಂಬುದು ಅದರ ತಾತ್ಪರ್ಯ. ಅಷ್ಟಕ್ಕೇ ನಿಲ್ಲದೆ, ಶಿಕ್ಷಣದ ಹಕ್ಕು ಬದುಕುವ ಹಕ್ಕಿನ ಭಾಗವೆಂದು ಪೀಠ ಸಾರಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು 14 ವರ್ಷದವರೆಗಿನ ಮಕ್ಕಳ ಉಚಿತ ಶಿಕ್ಷಣದ ಹಕ್ಕೆಂದು ಮಿತಿಗೊಳಿಸಿತು, ವೃತ್ತಿಶಿಕ್ಷಣಕ್ಕೆ ಉಚಿತ ಸೀಟು, ಶುಲ್ಕದ ಸೀಟು ಎಂಬ ಏರ್ಪಾಟು ಮಾಡಿತು. ನಮ್ಮ ಸಿಇಟಿ ಹುಟ್ಟಿದ್ದು ಅದರ ಬೆನ್ನಿಗೇ, 1994ರಲ್ಲಿ. ಆ ಏರ್ಪಾಟನ್ನು ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿತು. ಶುಲ್ಕ ನಿಗದಿ ಮಾಡುವ ಸ್ವಾತಂತ್ರ್ಯ ಸಂಸ್ಥೆಗಳಿಗೆ ಮರಳಿತು, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಷನ್ ಕೂಡದು ಎಂಬ ಗೆರೆ ಉಳಿಯಿತು. ಅದೇ 2002ರಲ್ಲಿ ಸಂವಿಧಾನಕ್ಕೆ ಶಿಕ್ಷಣದ ಹಕ್ಕಿನ ವಿಧಿ ಸೇರಿತು, 2009ರಲ್ಲಿ ಆರ್‌ಟಿಇ ಕಾಯ್ದೆ ಬಂತು. ತುಮಕೂರಿನ ಒಂದು ಕಾಲೇಜಿನ ಬೋಧನಾ ಶುಲ್ಕದ ತಕರಾರು ಇಷ್ಟು ದೂರ ನಡೆಯಿತು.

ಹಾಗಾಗಿ ರಸೀದಿಯಲ್ಲಿ ಏನು ಬರೆದಿದೆ ಎಂದು ಓದುವುದು ಸಣ್ಣ ಕೆಲಸವಲ್ಲ. ಶಾಲೆ ಪ್ರಕಟಿಸಿದ ಶುಲ್ಕದ ಹೊರಗೆ ಯಾವ ಹೆಸರಿನಲ್ಲಿ ಹಣ ಕೇಳಿದರೂ ಆರ್‌ಟಿಇ ಕಾಯ್ದೆಯ ಪ್ರಕಾರ ಅದು ಕ್ಯಾಪಿಟೇಷನ್. ತೆರಿಗೆಯ ಮಾತು ಬಂದಾಗಲೂ ಸಾಲುಸಾಲಾಗಿ ಬಿಡಿಸಿ ಬರೆದ ರಸೀದಿಯೇ ಕೈಹಿಡಿಯುವುದು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಎಲ್‌ಐಸಿ, ಪಿಎಫ್ ಎಲ್ಲ ಸೇರಿ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಇಬ್ಬರು ಮಕ್ಕಳವರೆಗೆ ಬೋಧನಾ ಶುಲ್ಕಕ್ಕೆ ರಿಯಾಯಿತಿ ಇದೆ. ಭಾರತದಲ್ಲಿರುವ ಶಾಲೆ, ಕಾಲೇಜು, ವಿಶ್ವವಿದ್ಯಾಲಯದ ಪೂರ್ಣಾವಧಿ ಓದಿಗೆ ಕಟ್ಟಿದ್ದಾಗಿರಬೇಕು. ನರ್ಸರಿ, ಪ್ಲೇ ಸ್ಕೂಲ್ ಕೂಡ ಆಗುತ್ತದೆ. ಅಭಿವೃದ್ಧಿ ಶುಲ್ಕ, ಡೊನೇಷನ್ ಆಗುವುದಿಲ್ಲ. ಸಂಜೆಯ ಮನೆಪಾಠ, ಕೋಚಿಂಗ್ ಕ್ಲಾಸು ಪೂರ್ಣಾವಧಿ ಓದಲ್ಲ, ಆದ್ದರಿಂದ ಮೇಡಂ ಬರೆದುಕೊಟ್ಟ ಚೀಟಿ ಇಲ್ಲಿ ನಡೆಯುವುದಿಲ್ಲ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿಯೇ ಇಲ್ಲ. ಎಲ್ಲವನ್ನೂ ಸೇರಿಸಿ ‘ವಾರ್ಷಿಕ ಶುಲ್ಕ’ ಎಂದು ಒಂದೇ ಮೊತ್ತ ಹಾಕಿಕೊಟ್ಟರೆ ಬಿಡಿಸಿ ಕೊಡಿ ಎಂದು ಕೇಳುವುದೇ ಒಳ್ಳೆಯದು.

ಸಿಇಟಿ ಕೌನ್ಸೆಲಿಂಗ್ ಸಮಯದಲ್ಲಿ ಇದೇ ಮಾತು ಇನ್ನೊಂದು ಕಡೆ ಕಾಡುತ್ತದೆ. ಎಂಜಿನಿಯರಿಂಗ್ ಸೀಟುಗಳಲ್ಲಿ ಎಸ್‌ಎನ್‌ಕ್ಯೂ ಎಂಬ ಒಂದು ಬಗೆ ಇದೆ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವ ಮಕ್ಕಳಿಗೆ ಬೋಧನಾ ಶುಲ್ಕ ಮಾಫಿ. ಪರಿಚಯದವರೊಬ್ಬರು ಮಗನಿಗೆ ಈ ಸೀಟು ಸಿಕ್ಕಿದ್ದೇ ಫೋನು ಮಾಡಿ ‘ಪೂರ್ತಿ ಫ್ರೀ ಸೀಟು’ ಎಂದು ಸಂಭ್ರಮಪಟ್ಟಿದ್ದರು. ಕಾಲೇಜಿಗೆ ಹೋದ ದಿನ ವಿಶ್ವವಿದ್ಯಾಲಯದ ಶುಲ್ಕ, ಇತರ ಶುಲ್ಕ, ಹಾಸ್ಟೆಲ್ಲು, ಬಸ್ಸು ಎಂದು ಪಟ್ಟಿ ಕೈಗೆ ಬಂದಾಗ ಅವರ ದನಿ ಬೇರೆಯೇ ಆಗಿತ್ತು. ಮಾಫಿ ಆಗುವುದು ಬೋಧನಾ ಶುಲ್ಕ ಮಾತ್ರ, ಉಳಿದದ್ದು ಕಟ್ಟಬೇಕು. ಯೋಜನೆ ನಿಜಕ್ಕೂ ಒಳ್ಳೆಯದು, ದೊಡ್ಡ ಭಾರ ಇಳಿಸುತ್ತದೆ. ಆದರೆ ಊರಲ್ಲಿ ಕುರಿ ಮಾರಿ ಮಗನನ್ನು ಬೆಂಗಳೂರಿಗೆ ಕಳಿಸುವ ತಂದೆಗೆ ಆಪ್ಷನ್ ಎಂಟ್ರಿಗೆ ಮೊದಲೇ, ಅವರ ಭಾಷೆಯಲ್ಲಿ, ಇದನ್ನು ಯಾರಾದರೂ ಹೇಳಬೇಕು.

ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಟ ಮಕ್ಕಳ ಮನೆಯಲ್ಲಿ ಇದರದೇ ಇನ್ನೊಂದು ರೂಪ. ಅಲ್ಲಿನ ವಿಶ್ವವಿದ್ಯಾಲಯದ ಪತ್ರದಲ್ಲಿ ‘ಟ್ಯೂಷನ್’ ಎಂದರೆ ನೇರವಾಗಿ ಶುಲ್ಕದ ಮೊತ್ತ. ವೀಸಾಕ್ಕೆ ಬೇಕಾದ ಐ-20 ಕಾಗದದಲ್ಲಿ ‘ಟ್ಯೂಷನ್ ಅಂಡ್ ಫೀಸ್’ ಒಂದು ಸಾಲು, ಜೀವನ ವೆಚ್ಚ ಇನ್ನೊಂದು ಸಾಲು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ರಾಜ್ಯದವರಿಗೆ ಕಡಿಮೆ, ಹೊರಗಿನವರಿಗೆ ಹೆಚ್ಚು. ನಮ್ಮ 1989ರ ಅಧಿಸೂಚನೆ ನೆನಪಾಗುವಂಥ ಲೆಕ್ಕ ಅಲ್ಲಿ ಇಂದಿಗೂ ಇದೆ. ಅಸಿಸ್ಟೆಂಟ್‌ಶಿಪ್ ಸಿಕ್ಕವರಿಗೆ ‘ಟ್ಯೂಷನ್ ವೇವರ್’ ಎಂದು ಬರೆದಿದ್ದರೆ ಶುಲ್ಕ ಮಾಫಿ ಎಂದರ್ಥ. ಅಲ್ಲೂ ‘ಫೀಸ್’ ಎಂಬ ಭಾಗ ಉಳಿದುಕೊಳ್ಳಬಹುದು, ಆರೋಗ್ಯ ವಿಮೆಯನ್ನು ಬೇರೆಯಾಗಿ ನೋಡಿಕೊಳ್ಳಬೇಕು. ನಮ್ಮ ಅರ್ಥದ ಟ್ಯೂಷನ್ನಿಗೆ ಅಮೆರಿಕದವರು ‘ಟ್ಯೂಟರಿಂಗ್’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಶುಲ್ಕಕ್ಕೆ ‘ಟ್ಯೂಷನ್ ಫೀಸ್’ ಎಂದೇ ಪೂರ್ತಿ ಹೇಳುತ್ತಾರೆ. 1998ರ ಕಾಯ್ದೆಯ ನಂತರ ವರ್ಷಕ್ಕೆ 1,000 ಪೌಂಡ್‌ವರೆಗೆ ಇದ್ದದ್ದು 2012ರಲ್ಲಿ ಅಲ್ಲಿನವರಿಗೇ 9,000ದ ಮಿತಿ ಮುಟ್ಟಿತು, ಆ ಏರಿಕೆಯ ನಿರ್ಧಾರ ಮೊದಲೇ ಬೀದಿಹೋರಾಟಗಳಿಗೆ ಕಾರಣವಾಗಿತ್ತು. ಇನ್ನು ಸಿಂಗಪುರದಲ್ಲಿ ಮಾತು ಎರಡೂ ಕಡೆ ಓಡಾಡುತ್ತದೆ. ಅಲ್ಲಿನ ಮನೆಗಳಲ್ಲಿ ಟ್ಯೂಷನ್ ಎಂದರೆ ನಮ್ಮಂತೆಯೇ ಶಾಲೆಯಾಚೆಗಿನ ಪಾಠ, ಆದರೆ ಸರ್ಕಾರದ ‘ಟ್ಯೂಷನ್ ಗ್ರಾಂಟ್’ ಎಂದರೆ ವಿಶ್ವವಿದ್ಯಾಲಯದ ಶುಲ್ಕಕ್ಕೆ ಸಹಾಯಧನ. ವಿದೇಶಿ ವಿದ್ಯಾರ್ಥಿ ಅದನ್ನು ಪಡೆದರೆ ಓದು ಮುಗಿದ ಮೇಲೆ ಮೂರು ವರ್ಷ ಸಿಂಗಪುರದ ಸಂಸ್ಥೆಯಲ್ಲಿ ದುಡಿಯುವ ಕರಾರಿಗೆ ಸಹಿ ಹಾಕಬೇಕು. ಗ್ರಾಂಟ್ ಎಂಬ ಮಾತನ್ನು ನೋಡಿ ಖುಷಿಪಡುವ ಮೊದಲು ಈ ಕರಾರನ್ನು ಓದಬೇಕು.

ಇಷ್ಟೆಲ್ಲ ಕಡೆ ತಿರುಗಿ ಬಂದ ಮೇಲೆ ನನ್ನನ್ನು ಹೆಚ್ಚು ಕಾಡುವುದು ನಮ್ಮ ಬೀದಿಯ ಸಂಜೆಯ ಟ್ಯೂಷನ್ನೇ. ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆಯ ಪ್ರಕಾರ ಶಾಲಾ ಮಕ್ಕಳಲ್ಲಿ ಶೇ 27ರಷ್ಟು ಜನ ಆ ವರ್ಷ ಖಾಸಗಿ ಕೋಚಿಂಗ್ ಪಡೆದವರು. ನಗರದಲ್ಲಿ ಶೇ 30.7, ಹಳ್ಳಿಯಲ್ಲಿ ಶೇ 25.5. ನಗರದ ಅಂಕಿಗಿಂತ ಹಳ್ಳಿಯ ಅಂಕಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆಯಾದ ಅಸರ್‌ನ 2022ರ ವರದಿಯಲ್ಲಿ ಬಿಹಾರ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಎಂಟನೇ ತರಗತಿವರೆಗಿನ ಮಕ್ಕಳಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ದುಡ್ಡು ಕೊಟ್ಟು ಟ್ಯೂಷನ್ ಪಡೆಯುತ್ತಿದ್ದರು. ಕರ್ನಾಟಕದಲ್ಲಿ ನಾವು ಆ ಮಟ್ಟ ಮುಟ್ಟಿಲ್ಲ, ಆದರೆ ಹೊರಟಿರುವ ದಾರಿ ಅದೇ.

ಯಾಕೆ ಹೀಗೆ? ಮಗು ದಡ್ಡ ಎಂದಲ್ಲ, ಶಾಲೆಯಲ್ಲಿ ಪಾಠವೇ ಆಗುವುದಿಲ್ಲ ಎಂದೂ ಎಲ್ಲ ಕಡೆ ಹೇಳಲಾಗದು. ನಾನು ಕಂಡ ಮನೆಗಳಲ್ಲಿ ದೊಡ್ಡ ಕಾರಣ ಹೋಂವರ್ಕ್. ಕನ್ನಡ ಮಾಧ್ಯಮದಲ್ಲಿ ಓದಿದ ಅಮ್ಮ, ಓದೇ ಇಲ್ಲದ ಅಜ್ಜಿ, ರಾತ್ರಿ ಒಂಬತ್ತಕ್ಕೆ ಮನೆಗೆ ಬರುವ ಅಪ್ಪ. ಮಗು ತರುವುದು ಇಂಗ್ಲಿಷ್ ಮಾಧ್ಯಮದ ಮೂರನೇ ಕ್ಲಾಸಿನ ಡೈರಿ. ನಾಳೆಗೆ ಏನು ಬರೆದುಕೊಂಡು ಹೋಗಬೇಕು ಎಂಬುದೇ ಮನೆಯಲ್ಲಿ ಯಾರಿಗೂ ಅರ್ಥವಾಗದಿದ್ದಾಗ ಪಕ್ಕದ ಬೀದಿಯ ಟ್ಯೂಷನ್ ಮಿಸ್ಸೇ ಗತಿ. ಆ ಮಿಸ್ ಬಹಳ ಸಲ ಬಿ.ಕಾಂ. ಇಲ್ಲವೇ ಬಿ.ಎಸ್ಸಿ. ಓದಿ, ಮದುವೆಯಾಗಿ, ಮನೆಯಲ್ಲೇ ಇರುವ ಹೆಣ್ಣುಮಗಳು. ಸಂಜೆ ಐದಕ್ಕೆ ಚಾಪೆ ಹಾಸಿದರೆ ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಬೇರೆ ಬೇರೆ ಶಾಲೆ, ಬೇರೆ ಬೇರೆ ಸಿಲಬಸ್. ಅವರು ಮಾಡುವುದು ಪಾಠಕ್ಕಿಂತ ಹೆಚ್ಚಾಗಿ ಶಾಲೆಗೂ ಮನೆಗೂ ನಡುವಿನ ಸೇತುವೆಯ ಕೆಲಸ. ಮಗುವಿಗೆ ಯಾವ ಲೆಕ್ಕ ಬರುವುದಿಲ್ಲ ಎಂದು ಕ್ಲಾಸ್ ಟೀಚರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ಅವರ ಬಗ್ಗೆ ನನಗೆ ಗೌರವವಿದೆ. ಎಷ್ಟೋ ಮನೆಗಳಲ್ಲಿ ಅವರ ಕೈಯಲ್ಲಿ ಆಡುವ ಸ್ವಂತ ದುಡ್ಡು ಅದೊಂದೇ.

ಕಾನೂನು ಈ ಲೋಕವನ್ನು ನೋಡುವುದು ಬೇರೆ ತುದಿಯಿಂದ. ಆರ್‌ಟಿಇ ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ ಎನ್ನುತ್ತದೆ. ಅದು ಸರಿಯಾದ ನಿಯಮ ಎಂದೇ ನನ್ನ ಅಭಿಪ್ರಾಯ. ಹಗಲು ಕ್ಲಾಸಿನಲ್ಲಿ ಅರ್ಧ ಹೇಳಿ ಉಳಿದದ್ದಕ್ಕೆ ಸಂಜೆ ಮನೆಗೆ ಬಾ ಎನ್ನುವ ಪರಿಸ್ಥಿತಿ ಬಂದರೆ ದುಡ್ಡಿಲ್ಲದ ಮಗು ಕ್ಲಾಸಿನೊಳಗಿದ್ದೂ ಹೊರಗುಳಿಯುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿ, 16 ವರ್ಷದೊಳಗಿನ ಮಕ್ಕಳನ್ನು ಸೇರಿಸಿಕೊಳ್ಳಬಾರದು ಎಂದಿತು. ಆದರೆ ಅದರ ಲೆಕ್ಕದಲ್ಲಿ ಕೋಚಿಂಗ್ ಎಂದರೆ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಹೇಳುವ ಪಾಠ. ಚಾಪೆಯ ಮೇಲಿನ ಹತ್ತು ಮಕ್ಕಳು ಆ ಲೆಕ್ಕಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ದೊಡ್ಡ ಕೋಚಿಂಗ್ ಸಂಸ್ಥೆ ಶೇ 18ರಷ್ಟು ಜಿಎಸ್‌ಟಿ ಸೇರಿಸಿ ಬಿಲ್ ಕೊಡುತ್ತದೆ, ಶಾಲೆಯ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಒಂದೇ ಗಣಿತ, ಶಾಲೆಯಲ್ಲಿ ಕಲಿತರೆ ತೆರಿಗೆಯಿಲ್ಲದ ಸೇವೆ, ಕೋಚಿಂಗ್‌ನಲ್ಲಿ ಕಲಿತರೆ ತೆರಿಗೆಯ ಸೇವೆ. ಎರಡನ್ನೂ ಕಟ್ಟುವ ಕೈ ಒಂದೇ.

ಶಾಲೆಯ ಆಫೀಸಿನಲ್ಲಿ ಕೇಳಬೇಕಾದ ಪ್ರಶ್ನೆ ಎಂದು ಮೊದಲಲ್ಲಿ ಹೇಳಿದೆನಲ್ಲ, ಅದು ಇದು: ಈ ಬೋಧನಾ ಶುಲ್ಕದಲ್ಲಿ ಎಷ್ಟು ಬೋಧನೆ ಸೇರಿದೆ? ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಹಿಂದೆ ಬಿದ್ದ ಮಗುವಿಗೆ ಯಾರು ಯಾವಾಗ ಕೂತು ಹೇಳುತ್ತಾರೆ, ಮನೆಯಲ್ಲಿ ಇಂಗ್ಲಿಷ್ ಬಾರದವರ ಮಕ್ಕಳಿಗೆ ಹೋಂವರ್ಕ್ ಹೇಗೆ ಕೊಡುತ್ತೀರಿ? ಯೂನಿಫಾರ್ಮಿನ ಬಣ್ಣ, ಬಸ್ಸಿನ ಮಾರ್ಗ, ಈಜುಕೊಳದ ಬಗ್ಗೆ ನಾವು ಕೇಳುತ್ತೇವೆ. ಇವನ್ನು ಕೇಳಲು ಸಂಕೋಚ. ಒಂದೆರಡು ಖಾಸಗಿ ಶಾಲೆಗಳಲ್ಲಿ ಪೋಷಕರ ಸಭೆಯಲ್ಲಿ ಇಂಥ ಪ್ರಶ್ನೆ ಎದ್ದ ಮೇಲೆ ಕೊನೆಯ ಪೀರಿಯಡ್ಡನ್ನು ಹೋಂವರ್ಕಿಗೇ ಬಿಟ್ಟುಕೊಟ್ಟದ್ದನ್ನು ಬಲ್ಲೆ. ಅಲ್ಲಿ ಚಿಕ್ಕ ಕ್ಲಾಸಿನ ಮಕ್ಕಳು ಸಂಜೆ ಚೀಲ ಬಿಸಾಕಿ ಆಡಲು ಹೋಗುತ್ತಾರೆ.

ಇದು ಆಗದ ಕೆಲಸ ಎನ್ನುವವರಿಗೆ ನಮ್ಮ ಸರ್ಕಾರಿ ಪ್ರೌಢಶಾಲೆಗಳನ್ನು ತೋರಿಸುತ್ತೇನೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗ್ಗೆ ಗಂಟೆ ಹೊಡೆಯುವ ಮೊದಲೋ ಸಂಜೆ ಶಾಲೆ ಬಿಟ್ಟ ಮೇಲೋ ಅಲ್ಲಿನ ಶಿಕ್ಷಕರೇ ‘ವಿಶೇಷ ತರಗತಿ’ ತೆಗೆದುಕೊಳ್ಳುತ್ತಾರೆ. ಗಣಿತ, ವಿಜ್ಞಾನ, ಇಂಗ್ಲಿಷಿನಲ್ಲಿ ಹಿಂದಿರುವವರನ್ನು ಬೇರೆ ಕೂರಿಸಿ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಉತ್ತರ ತಿದ್ದಿ ಕಳಿಸುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಮಕ್ಕಳ ಮನೆಗೆ ಫೋನು ಮಾಡಿ ಓದುತ್ತಿದ್ದಾರೋ ಇಲ್ಲವೋ ವಿಚಾರಿಸುವ ಮೇಷ್ಟ್ರುಗಳಿದ್ದಾರೆ. ಇದಕ್ಕೆ ಫೀಸಿಲ್ಲ, ರಸೀದಿಯಿಲ್ಲ. ಹತ್ತನೇ ತರಗತಿಗೆ ಮಾಡುವ ಈ ಕೆಲಸವನ್ನು ಮೂರನೇ ತರಗತಿಯಿಂದಲೇ, ಅಕ್ಷರ ಲೆಕ್ಕ ತಪ್ಪುವ ಕಾಲದಲ್ಲೇ, ಎಲ್ಲ ಶಾಲೆಗಳೂ ತಮ್ಮ ವೇಳಾಪಟ್ಟಿಯೊಳಗೆ ಮಾಡಲಿ ಎಂಬುದು ನನ್ನ ಒತ್ತಾಯ. ಅದಕ್ಕೆ ಬೇಕಾದ ಹೆಚ್ಚಿನ ಶಿಕ್ಷಕರನ್ನು ಸರ್ಕಾರ ತನ್ನ ಶಾಲೆಗಳಿಗೆ ಕೊಡಲಿ. ಖಾಸಗಿ ಶಾಲೆಗಳ ಹತ್ತಿರ ಅದಕ್ಕೆ ಬೇಕಾದ ದುಡ್ಡು ಈಗಾಗಲೇ ಇದೆ, ರಸೀದಿಯ ಮೊದಲ ಸಾಲಿನಲ್ಲಿ ನಾವು ಕಟ್ಟಿದ್ದೇ ಅದು.